ಹೆಬ್ಬೆರಳಗಲದ ಹೊಳಪು

ವಾಲನ್‌ಸ್ಟೈನ್
ಏಪ್ರಿಲ್ 12

ತಮ್ಮ ಕ್ಲೀಸನ್‌ಗೆ,

ಅಪ್ಪನ ಮಣ್ಣಿಗೆ ಬಂದು ಹೋದ ಮೇಲೆ ನೀನೂ ಬರೆದಿಲ್ಲ, ನಾನೂ ಬರೆದಿಲ್ಲ. ನಿನ್ನ ಟ್ರಕ್ಕನ್ನು ಕೊಟ್ಟಿಗೆಯ ಹಿಂದೆ ನಿಲ್ಲಿಸು ಎಂದು ಹೇಳಲು ಅವತ್ತು ಎಲ್ಲರೂ ಸೇರಿ ನನ್ನನ್ನೇ ಕಳಿಸಿದ್ದರು. ನೀನು ನಿಲ್ಲಿಸಿದೆ, ಊಟ ಮಾಡದೆ ಹೊರಟುಹೋದೆ. ಅದನ್ನು ಕೆದಕುವುದಕ್ಕೆ ಬರೆಯುತ್ತಿಲ್ಲ. ನನಗೊಂದು ಉಪಕಾರ ಬೇಕು. ಸುತ್ತು ಬಳಸಿ ಕೇಳುವಷ್ಟು ತ್ರಾಣ ಈಗ ನನ್ನಲ್ಲಿಲ್ಲ.

ನಿನ್ನ ಭಾವ ಆಮ್ಸಿಯ ಕೈ ನಡುಗುತ್ತದೆ. ಮೊದಮೊದಲು ಕಾಫಿ ಚೆಲ್ಲಿಕೊಳ್ಳುತ್ತಿದ್ದ, ನಾವಿಬ್ಬರೂ ನಕ್ಕು ಸುಮ್ಮನಾಗುತ್ತಿದ್ದೆವು. ಹೋದ ಚಳಿಗಾಲ ಬಡಗಿ ಕೆಲಸ ಮಾಡುವಾಗ ಗರಗಸ ಎರಡು ಬೆರಳಿನ ತುದಿ ತೆಗೆದುಕೊಂಡು ಹೋಯಿತು. ಇನ್ನು ಅದರ ಹತ್ತಿರ ಸುಳಿಯಕೂಡದು ಅಂದರು ಡಾಕ್ಟರು. "ಹಾಗಾದ್ರೆ ನಾನೇನ್ ಮಾಡ್ಲಿ? ಕಿಟಕಿ ಹತ್ರ ಕೂತು ಹೋಗೋ ಬರೋ ಗಾಡಿ ಎಣಿಸ್ಲಾ?" ಎಂದು ಕೇಳಿದ.

ಕಿಚನರ್‌ನಲ್ಲಿ ಮರದ ಬೀರು ಮಾಡುವ ಒಂದು ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿಯ ಹರಾಜಿನಲ್ಲಿ ತಾನೇ ಮರ ಕೊರೆಯುವ ಹಳೆಯ ಸಿಎನ್‌ಸಿ ರೌಟರ್ ಯಂತ್ರ ಒಂದನ್ನು ತಂದೆವು. ನಿನಗೆ ಇಂಥವು ನಿತ್ಯದ ಪಾಡು, ನಾನೇನು ಹೇಳಲಿ. ಹಲಗೆ ಮಲಗಿಸಿ ಗುಂಡಿ ಒತ್ತಿದರೆ ಸಾಕು, ಕೊರೆಯುವ ಕೆಲಸ ಅದರದ್ದು. ಗುಂಡಿ ಒತ್ತುವುದಕ್ಕೆ ನಡುಗುವ ಕೈಯಾದರೂ ನಡೆಯುತ್ತದೆ. ನಮ್ಮ ಸಭೆಯ ಬಿಷಪ್ ಯುರಾಯಸ್ ಬಂದು ನೋಡಿ, "ಇಂಟರ್ನೆಟ್ಟು ಅಂತ ಹೊರಗಿನ ತಂತಿ ಯಾವುದನ್ನೂ ಅದಕ್ಕೆ ಸೇರಿಸ್ಬೇಡಿ, ನಮ್ಮ ರೀತಿಗೆ ತಕ್ಕ ಹಾಗೆ ಇಟ್ಕೊಳ್ಳಿ. ಅಕ್ಟೋಬರ್ ಸಭೇಲಿ ಹಿರಿಯರೆಲ್ಲ ಕೂತು ನಿರ್ಧಾರ ಮಾಡೋಣ" ಅಂದರು. ಅಲ್ಲಿಯತನಕ ಅದು ಇರಬಹುದು.

ಇದೆ, ಆದರೆ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಚಾಲೂ ಮಾಡಿದಾಗ ಅದು ಮೊದಲು ತನ್ನ ಮೂಲೆಗೆ ಹೋಗಿ ನಿಲ್ಲಬೇಕಂತೆ, ಅದಕ್ಕೆ ಹೋಮ್ ಅನ್ನುತ್ತಾರೆ, ಅಲ್ಲಿಂದ ಎಲ್ಲ ಅಳತೆ. ಎರಡು ಹಳಿಯ ಮೇಲೆ ಒಂದು ಅಡ್ಡತೊಲೆ ಓಡುತ್ತದೆ, ಎರಡೂ ಪಕ್ಕಕ್ಕೆ ಒಂದೊಂದು ಮೋಟಾರು. ಎಡಪಕ್ಕ ಹೋಗಿ ನಿಲ್ಲುತ್ತದೆ, ಬಲಪಕ್ಕ ನಿಲ್ಲದೆ ಹೋಗಿ ಕೊನೆಗೆ ಧಡಾರನೆ ಗುದ್ದುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ತೊಲೆ ಸೊಟ್ಟಗಾಗಿ ಯಂತ್ರ ಕಿರುಚಿ ನಿಲ್ಲುತ್ತದೆ. ಹೋಮ್ ಇಲ್ಲದೆ ಹಾಗೇ ಓಡಿಸಿದರೂ ಬಲಪಕ್ಕ ಹಿಂದೆ ಬೀಳುತ್ತದೆ, ಚೌಕದ ಬಾಗಿಲು ಕೊರೆದರೆ ಓರೆಯಾಗಿ ಬರುತ್ತದೆ.

ಮಾರಿದವರು ಊರು ಬಿಟ್ಟಿದ್ದಾರೆ. ನನಗೆ ಗೊತ್ತಿರುವವರಲ್ಲಿ ಇದರ ಹೊಟ್ಟೆ ಬಗೆದು ನೋಡಿದವನು ನೀನೊಬ್ಬನೇ. ಫೋನು ವರ್ಕ್‌ಷಾಪಿನಲ್ಲಿದೆ, ಆಮ್ಸಿಯ ಕಿವಿಯೂ ಅಲ್ಲೇ ಇರುತ್ತದೆ, ಅದಕ್ಕೇ ಕಾಗದ. ನಿನಗೆ ಬರೆದದ್ದು ಅವನಿಗೆ ಗೊತ್ತಿಲ್ಲ.

ನಿನ್ನ ಅಕ್ಕ
ಅಲ್ಮೀಡಾ

*

ಕೊಕ್ರೇನ್
ಏಪ್ರಿಲ್ 27

ಅಕ್ಕ,

ನಿನ್ನ ಕಾಗದ ಬಂದು ಟ್ರಕ್ಕಿನ ಗಾಜಿನ ಹಿಂದೆ ಸುಮಾರು ದಿನ ಬಿದ್ದಿತ್ತು. ನಿನ್ನ ಅಕ್ಷರ ನೋಡಿ ಯಾರೋ ಹೋಗಿರಬೇಕು ಅಂದುಕೊಂಡೆ, ಒಡೆಯಲು ಮನಸ್ಸಾಗಲಿಲ್ಲ. ಇಲ್ಲಿ ಇನ್ನೂ ಹಿಮ ಕರಗಿಲ್ಲ. ಮರದ ಮಿಲ್ಲುಗಳೆಲ್ಲ ಒಟ್ಟಿಗೇ ಕೆಡುತ್ತಿವೆ, ಒಂದು ಮಿಲ್ಲಿನಿಂದ ಇನ್ನೊಂದಕ್ಕೆ ಓಡುವಾಗ ಸ್ಟೀರಿಂಗ್ ಹಿಡಿದುಕೊಂಡೇ ತೂಕಡಿಸುತ್ತೇನೆ.

ಭಾವನ ಕೈ ವಿಷಯವನ್ನು ಎರಡು ಸಲ ಓದಿದೆ. ಪಾರಿವಾಳದ ಬಾಲದಂಥ ಮರದ ಜೋಡಣೆಯನ್ನು ಗೆರೆ ಹಾಕದೆ ಕಣ್ಣಂದಾಜಿನಲ್ಲೇ ಕೊಯ್ಯುತ್ತಿದ್ದ ಕೈ ಅದು.

ಬಾ ಅಂತ ನೀನು ಕೇಳಿಲ್ಲ, ಒಳ್ಳೆಯದಾಯಿತು. ಕೇಳಬೇಡ. ಹೊಳಪು ಜಂಬ ಅಂತ ಕಾರಿನ ಬಂಪರಿಗೂ ಕರಿ ಬಳಿದುಕೊಂಡು ಓಡಾಡುವವರ ನಡುವೆ ನನ್ನ ಗಾಡಿಯನ್ನು ಇನ್ನೊಂದು ಸಲ ಕೊಟ್ಟಿಗೆಯ ಹಿಂದೆ ಬಚ್ಚಿಡುವುದು ನನ್ನಿಂದಾಗದು. ಕಾಗದದಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡೋಣ.

ನಿನಗಿರುವುದು ಒಂದು ರೋಗವಲ್ಲ, ಎರಡು. ಮೊದಲು ಹಿಂದೆ ಬೀಳುವುದನ್ನು ನೋಡು. ಕರೆಂಟ್ ತೆಗೆ. ಬಲಗಡೆಯ ಮೋಟಾರಿನ ದಂಡ ಮತ್ತು ಹಲ್ಲಿನ ಚಕ್ರ ಸೇರುವ ಕಡೆ ಒಂದು ಕಪ್ಲಿಂಗ್ ಇರುತ್ತದೆ, ಬಳೆಯ ಹಾಗೆ. ದಂಡದ ಮೇಲೆ ಶುರುಮಾಡಿ ಬಳೆಯ ಮೇಲೂ ಹಾಯುವಂತೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆ. ಆಮೇಲೆ ಯಂತ್ರವನ್ನು ಅತ್ತಿತ್ತ ಓಡಿಸು. ಗೆರೆ ತುಂಡಾಗಿದ್ದರೆ ದಂಡ ತಿರುಗುತ್ತಿದೆ, ಬಳೆ ತಿರುಗುತ್ತಿಲ್ಲ ಅಂತ ಅರ್ಥ. ಗುದ್ದಿ ಗುದ್ದಿ ಸಡಿಲವಾಗಿರುತ್ತದೆ. ಅದರ ಸ್ಕ್ರೂ ಬಿಗಿ ಮಾಡು. ಏನಾಯಿತು ಬರೆ, ಆಮೇಲೆ ಹೋಮ್ ನೋಡೋಣ.

ಕ್ಲೀಸನ್

*

ವಾಲನ್‌ಸ್ಟೈನ್
ಮೇ 16

ತಮ್ಮ,

ಗೆರೆ ತುಂಡಾಗಿತ್ತು! ಬಳೆಯ ಮೇಲಿನ ಅರ್ಧ ಗೆರೆ ಎತ್ತಲೋ, ದಂಡದ ಮೇಲಿನ ಅರ್ಧ ಎತ್ತಲೋ. ಯಂತ್ರದ ಹೊಟ್ಟೆಯಡಿ ಮಲಗಿ ಸ್ಕ್ರೂ ಬಿಗಿ ಮಾಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಎದ್ದಾಗ ಟೋಪಿ ತುಂಬ ಗ್ರೀಸು. ಈಗ ತೊಲೆ ಎಲ್ಲಿಗೆ ಹೋಗು ಅಂದರೆ ಅಲ್ಲಿಗೇ ಹೋಗುತ್ತದೆ, ಎರಡೂ ಪಕ್ಕ ಜೊತೆಯಾಗಿ. ಅಂದ ಹಾಗೆ ನಿನ್ನ ಭಾವ ಆಗ ನಿದ್ದೆಯಲ್ಲಿದ್ದ. ಮಾತ್ರೆ ತೆಗೆದುಕೊಂಡರೆ ಊಟ ಆದ ಮೇಲೆ ಹೊತ್ತು ಗೊತ್ತಿಲ್ಲದೆ ಮಲಗುತ್ತಾನೆ.

ಆದರೆ ಹೋಮ್ ಗುಂಡಿ ಒತ್ತಿದರೆ ಮತ್ತೆ ಅದೇ ಕಥೆ. ಮೇಲೆ ಕೆಳಗೆ ಓಡುವ ತಲೆ ಸರಿಯಾಗಿ ಹೋಗಿ ನಿಲ್ಲುತ್ತದೆ. ತೊಲೆಯ ಉದ್ದಕ್ಕೆ ಓಡುವುದೂ ಸರಿ. ತೊಲೆ ಮಾತ್ರ ಸರಿಯಿಲ್ಲ. ಎಡಪಕ್ಕ ಸಾಮಾನ್ಯವಾಗಿ ನಿಲ್ಲುತ್ತದೆ, ಕೆಲವು ಸಲ ಅದೂ ಇಲ್ಲ. ಬಲಪಕ್ಕ ಒಂದು ದಿನವೂ ನಿಂತಿಲ್ಲ. ಈಗ ನಾನು ಕೆಂಪು ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ನಿಲ್ಲುತ್ತೇನೆ, ಗುದ್ದುವ ಮೊದಲೇ ಒತ್ತಿಬಿಡುತ್ತೇನೆ.

ಇದನ್ನು ತಂದ ಹೊಸದರಲ್ಲಿ ಆಮ್ಸಿ ಎಷ್ಟು ಖುಷಿಯಲ್ಲಿದ್ದ ಗೊತ್ತಾ? ಪಕ್ಕದಲ್ಲಿ ಮಂಡಿಯೂರಿ ಕೂತು, ಒರೆಸಿ, ತಿಕ್ಕಿ, ಬಿಷಪ್ಪರು ಹೇಳಿದ ಹಾಗೆ ಎಲ್ಲ ಅಚ್ಚುಕಟ್ಟು ಮಾಡಿದ. ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು ಮಾಡಿದ. ನಾನು ಸಹಾಯಕ್ಕೆ ಹೋದರೆ, "ನೀನ್ ಹೋಗೇ, ಇದೊಂದಾದ್ರೂ ನಾನ್ ಮಾಡ್ತೀನಿ" ಅಂದ. ಆ ಮುಖ ಈಗಿಲ್ಲ. ರುಬಾರ್ಬ್ ದಂಟಿನ ಕಡುಬು ಮಾಡಿ ಮುಂದಿಟ್ಟರೆ ಅರ್ಧಕ್ಕೇ ಬಿಟ್ಟು ಕಿಟಕಿಯತ್ತ ತಿರುಗುತ್ತಾನೆ.

ಮುಂದೇನು ಮಾಡಲಿ?

ಅಲ್ಮೀಡಾ

*

ಹರ್ಸ್ಟ್ ದಾರಿಯಲ್ಲಿ
ಜೂನ್ 5

ಅಕ್ಕ,

ಟ್ರಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಕಾಲಿಟ್ಟರೆ ಕರಿ ನೊಣಗಳು ಕಿವಿಯ ಹಿಂದೆ ಕಚ್ಚಿ ರಕ್ತ ಬರಿಸುತ್ತವೆ. ನನಗೂ ವಯಸ್ಸಾಯಿತು ಕಣೆ. ಮಿಲ್ಲಿನವರು "ಕ್ಲೀಸನ್, ಇದೊಂದೇ ನೋಡಿಬಿಡು" ಅನ್ನುತ್ತಾರೆ. ಆ 'ಇದೊಂದೇ' ಮುಗಿದದ್ದನ್ನು ನಾನು ಕಂಡಿಲ್ಲ.

ಕಪ್ಲಿಂಗ್ ಬಿಗಿ ಮಾಡಿದ್ದಕ್ಕೆ ಶಹಬ್ಬಾಸ್. ನಮ್ಮ ಮೆಕ್ಯಾನಿಕ್ಕುಗಳು ಅರ್ಧಕ್ಕೆ ಬಿಟ್ಟದ್ದನ್ನು ಹೋಗಿ ಬಿಗಿ ಮಾಡುವುದೇ ನನ್ನ ಸಂಬಳದ ಕೆಲಸ.

ಹೋಮ್ ಹೇಗೆ ಆಗುತ್ತದೆ ಹೇಳುತ್ತೇನೆ. ತೊಲೆಯ ಎರಡೂ ತುದಿಯಲ್ಲಿ ಒಂದೊಂದು ಸೆನ್ಸರ್ ಇದೆ, ಹೆಬ್ಬೆರಳಿನಷ್ಟು ದಪ್ಪ. ಅದನ್ನು ಕಣ್ಣು ಅಂದುಕೋ. ಅದರಿಂದ ನಮಗೆ ಕಾಣದ ಬೆಳಕು ಹೊರಡುತ್ತದೆ. ಹಳಿಯ ಕೊನೆಯಲ್ಲಿ ಒಂದು ಚಿಕ್ಕ ತಗಡು ಇದೆ. ಬೆಳಕು ಹೋಗಿ ಅದಕ್ಕೆ ಬಡಿದು ಹಿಂತಿರುಗಿದರೆ ಕಣ್ಣಿಗೆ ತಗಡು ಕಂಡಿತು, ಆ ಪಕ್ಕದ ಮೋಟಾರು ನಿಲ್ಲುತ್ತದೆ. ನಿನ್ನ ಬಲಗಣ್ಣಿಗೆ ಕಾಣುತ್ತಿಲ್ಲ. ಕಣ್ಣು ಕುರುಡೋ, ತಂತಿ ಹರಿದಿದೆಯೋ ಗೊತ್ತಾಗಬೇಕು.

ಕರೆಂಟ್ ತೆಗೆದು ಎರಡೂ ಕಣ್ಣುಗಳನ್ನು ತಂತಿ ಸಮೇತ ಅದಲು ಬದಲು ಮಾಡು. ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ, ತಂತಿಯ ಬುಡದ ಪ್ಲಗ್ಗನ್ನೂ ಬದಲಾಯಿಸು. ತೊಂದರೆ ಎಡಕ್ಕೆ ಬಂದರೆ ಕಣ್ಣೋ ತಂತಿಯೋ ಕೆಟ್ಟಿದೆ, ಹೊಸದು ಹಾಕಿದರೆ ಮುಗಿಯಿತು. ಬಲದಲ್ಲೇ ಉಳಿದರೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಉಳಿಯಲಿಕ್ಕಿಲ್ಲ.

ನಿನ್ನ ತಮ್ಮ
ಕ್ಲೀಸನ್

*

ವಾಲನ್‌ಸ್ಟೈನ್
ಜುಲೈ 8

ತಮ್ಮ,

ಬಲದಲ್ಲೇ ಉಳಿಯಿತು.

ಕಣ್ಣುಗಳನ್ನು ಬದಲಾಯಿಸುವುದಕ್ಕೇ ನನಗೆ ವಾರಗಟ್ಟಲೆ ಹಿಡಿಯಿತು. ಸ್ಟ್ರಾಬೆರಿ ಮುಗಿಯಿತು ಅನ್ನುವಷ್ಟರಲ್ಲಿ ಬಟಾಣಿ, ಬಟಾಣಿ ಮುಗಿದರೆ ಬೀನ್ಸು. ಆಮ್ಸಿಯ ಅಂಗಿಯ ಗುಂಡಿ ನಾನು ಹಾಕಬೇಕು, ಸೂಪು ಕುಡಿಸಬೇಕು. ಅವನು ಮಲಗಿದಾಗ ನಾನು ಯಂತ್ರದಡಿ ಮಲಗುತ್ತೇನೆ. ಸೆಕೆಗೆ ನಿಂತಲ್ಲೇ ಕಣ್ಣು ಕತ್ತಲೆ ಬರುತ್ತದೆ. ಬೇಸರಪಟ್ಟುಕೊಳ್ಳುವುದಕ್ಕೂ ಪುರುಸೊತ್ತು ಬೇಕಲ್ಲ.

ನಿನ್ನ ವಿಷಯ ಅವನಿಗೆ ಗೊತ್ತಾಯಿತು. ನಾನು ಹೇಳಲಿಲ್ಲ. ಒಂದು ದಿನ ಬಗ್ಗಿ ಕಪ್ಲಿಂಗ್ ನೋಡಿದವನು, ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಪೆನ್ಸಿಲ್ ಗೆರೆ ಕಂಡಿತ್ತು.

"ಕ್ಲೀಸನ್‌ಗೆ ಬರೆದ್ಯಾ?"

"ಹೂಂ."

"ಈ ಗೆರೆ ಬುದ್ಧಿ ಅವನಿಗೆ ಹೇಳಿಕೊಟ್ಟೋನು ನಾನು. ಹಲಗೆ ಹಿಡಿಯೋ ಕ್ಲಾಂಪ್ ಜಾರುತ್ತೋ ಇಲ್ವೋ ನೋಡೋಕೆ. ನಂಗೇ ಮರ್ತೋಗಿತ್ತು."

ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ಆ ಗೆರೆಯ ಮೇಲೆ ಬೆರಳಿಟ್ಟು, "ಮೂರು ವರ್ಷ ನನ್ನ ಬೆಂಚಲ್ಲಿ ಕೆಲಸ ಕಲಿತೋನು, ಹೋಗ್ತೀನಿ ಅಂತ ನಂಗೊಂದು ಮಾತು ಹೇಳ್ಲಿಲ್ಲ" ಅಂದ. ಇಷ್ಟು ವರ್ಷದಲ್ಲಿ ನಿನ್ನ ವಿಷಯವಾಗಿ ಅವನ ಬಾಯಿಂದ ಬಂದ ಮಾತು ಇದೊಂದೇ. ನೀನು ಏನಾದರೂ ಮಾಡಿಕೋ ಅದನ್ನು, ನಾನು ಬರೆದಿದ್ದೇನೆ.

ಮೊನ್ನೆ ನಾನಿಲ್ಲದಾಗ ತಾನೇ ಹೋಮ್ ಒತ್ತಿದ್ದಾನೆ. ಕೆಂಪು ಗುಂಡಿಗೆ ಕೈ ಹಾಕುವಷ್ಟರಲ್ಲಿ ಕೈ ನಡುಗಿ ಪಕ್ಕಕ್ಕೆ ಬಿದ್ದಿದೆ. ಧಡಾರ್ ಅಂದದ್ದು ನನಗೆ ಕೈತೋಟದ ತನಕ ಕೇಳಿತು. ಓಡಿ ಬಂದರೆ, ಯಂತ್ರ ಕಿರುಚುತ್ತಿದೆ, ಇವನು ನೆಲದ ಮೇಲೆ ಕೂತಿದ್ದಾನೆ. "ಕೊಟ್ಬಿಡು ಇದನ್ನ, ಗುಜರಿಗೆ ಕೊಟ್ಬಿಡು. ನಂಗೂ ಇದಕ್ಕೂ ಒಂದೇ ಕಾಯಿಲೆ" ಅಂದ. ಅಕ್ಟೋಬರ್ ಸಭೆಯಲ್ಲಿ ಬೇಡ ಅನ್ನುವುದಕ್ಕೆ ಮುಂಚೆ ತಾನೇ ಬೇಡ ಅಂದುಬಿಟ್ಟರೆ ಮರ್ಯಾದೆಯಂತೆ.

ಯಂತ್ರ ಹೋದರೆ ವರ್ಕ್‌ಷಾಪೂ ಹೋಗುತ್ತದೆ, ಕ್ಲೀಸನ್. ವರ್ಕ್‌ಷಾಪು ಹೋದರೆ ನನ್ನ ಗಂಡ ಕುರ್ಚಿಯಲ್ಲೇ ಮುಗಿದುಹೋಗುತ್ತಾನೆ. ನನಗೆ ಭಯವಾಗುತ್ತಿದೆ.

ಅಲ್ಮೀಡಾ

*

ಕೊಕ್ರೇನ್
ಜುಲೈ 24

ಅಕ್ಕ,

ಭಾವನಿಗೆ ಪೆಟ್ಟೇನೂ ಆಗಿಲ್ಲ ತಾನೇ? ಅದನ್ನು ನೀನು ಬರೆಯಲೇ ಇಲ್ಲ.

ನಾನು ಹೇಳದೆ ಹೋದದ್ದು ನಿಜ. ಹೇಳಲು ಬೆಂಚಿನ ತನಕ ಹೋಗಿದ್ದರೆ ಹೋಗುತ್ತಲೇ ಇರಲಿಲ್ಲ.

ಯಂತ್ರ ಯಾರಿಗೂ ಕೊಡಬೇಡ. ಸಭೆಗೆ ಇನ್ನೂ ಸಮಯವಿದೆ. ಕಣ್ಣು ಸರಿ, ತಂತಿ ಸರಿ. ಹಾಗಾದರೆ ನೋಡುವವನದ್ದು ತಪ್ಪಲ್ಲ, ಎದುರಿಗೆ ಇರುವುದರದ್ದು. ಒಂದು ಕೆಲಸ ಮಾಡು. ಅಡುಗೆಮನೆಯಿಂದ ಒಂದು ಸ್ಟೀಲ್ ಚಮಚ ತೆಗೆದುಕೊಂಡು ಹೋಗಿ ಬಲಗಡೆಯ ಕಣ್ಣಿನ ಮುಂದೆ ಬೆರಳಗಲ ದೂರದಲ್ಲಿ ಹಿಡಿ. ಕಣ್ಣಿನ ಹಿಂಭಾಗದಲ್ಲಿ ಸಾಸಿವೆಯಷ್ಟು ದೀಪ ಹತ್ತಿದರೆ ಅದಕ್ಕೆ ಚಮಚ ಕಂಡಿತು ಅಂತ.

ಆಮೇಲೆ ಹಳಿಯ ಕೊನೆಯ ತಗಡು ನೋಡು. ಮರದ ಪುಡಿಯೋ ಗ್ರೀಸೋ ಮೆತ್ತಿಕೊಂಡಿರುತ್ತದೆ. ಚೆನ್ನಾಗಿ ಒರೆಸು. ಚಮಚದಲ್ಲಿ ಕಂಡ ಹಾಗೆ ಅದರಲ್ಲಿ ನಿನ್ನ ಮುಖ ಕಾಣಬೇಕು. ಕಾಣುತ್ತದೋ ಇಲ್ಲವೋ ಅಷ್ಟು ಬರೆ.

ಕ್ಲೀಸನ್

*

ವಾಲನ್‌ಸ್ಟೈನ್
ಆಗಸ್ಟ್ 9

ತಮ್ಮ,

ಭಾವನಿಗೆ ಪೆಟ್ಟಾಗಿಲ್ಲ. ಅವನು ನಿನ್ನ ಕಾಗದವನ್ನು ನನ್ನ ಕೈಯಿಂದ ಇಸಿದುಕೊಂಡು ಆ ಒಂದು ಸಾಲನ್ನು ಮಾತ್ರ ಓದಿದ. ಬೆಂಚಿನ ಸಾಲು. ಮಿಕ್ಕದ್ದು ಬೇಡ ಎಂದು ವಾಪಸು ಕೊಟ್ಟ.

ಚಮಚ ಹಿಡಿದೆ, ದೀಪ ಹತ್ತಿತು. ತೆಗೆದೆ, ಆರಿತು. ಅದನ್ನೇ ಆಟದ ಹಾಗೆ ಎಷ್ಟೋ ಸಲ ಮಾಡಿದೆ, ಪಾಪ, ಅದು ಬೇಸರವಿಲ್ಲದೆ ಪ್ರತಿ ಸಲವೂ ಕಣ್ಣು ಬಿಟ್ಟಿತು.

ತಗಡಿನ ವಿಷಯ ನೀನು ಕೇಳಿದ್ದು ನನಗೆ ಅರ್ಥವಾಗಲಿಲ್ಲ. ಒರೆಸಿದೆ. ಗ್ರೀಸು ಇಲ್ಲ, ಪುಡಿ ಇಲ್ಲ. ಆದರೆ ಅದರಲ್ಲಿ ಮುಖ ಎಲ್ಲಿಂದ ಕಾಣಬೇಕು? ಕರಿ ಬಳಿದಿದೆಯಲ್ಲ. ಹೊಳೆಯುವುದನ್ನೆಲ್ಲ ಯಂತ್ರ ಬಂದ ವಾರವೇ ಆಮ್ಸಿ ಬಳಿದ. ಅಂಚು, ಹಿಡಿ, ಮೂಲೆಯ ತಗಡು ಎಲ್ಲ. ಒಳಗೆ ಮುಚ್ಚಳದ ಹಿಂದಿರುವ ತಗಡುಗಳಿಗೆ ಬ್ರಷ್ ಹೋಗಲಿಲ್ಲ, ಅವನ್ನು ಬಿಟ್ಟ. ಎಡಗಡೆ ತಗಡಿನ ಹೊತ್ತಿಗೆ ಕೈ ಸೋತಿತ್ತು, ಅಲ್ಲಿ ತೆಳ್ಳಗೆ ಬಳಿದಿದ್ದಾನೆ. ಬಲಗಡೆ ಎರಡು ಸಲ ಚೊಕ್ಕವಾಗಿ ಬಳಿದಿದ್ದಾನೆ.

ಮುಂದೇನು ಹೇಳು. ಜೋಳ ಕೊಯ್ಲಿಗೆ ಬಂದಿದೆ, ಬೇಗ ಬರೆ.

ಅಲ್ಮೀಡಾ

*

ಕೊಕ್ರೇನ್
ಆಗಸ್ಟ್ 17

ಅಕ್ಕ, ಅಯ್ಯೋ ಅಕ್ಕ,

ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಓದಿ ನಕ್ಕುಬಿಟ್ಟೆ. ನಕ್ಕ ನಗುವಿಗೆ ಒಬ್ಬಳು ಮುದುಕಿ ನಾಯಿಯನ್ನೆತ್ತಿಕೊಂಡು ದೂರ ಹೋದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆವಲ್ಲೇ! ಕರಿ ಬಣ್ಣ ಬೆಳಕನ್ನು ನುಂಗುತ್ತದೆ, ವಾಪಸು ಕೊಡುವುದಿಲ್ಲ. ಎಡಗಡೆ ತೆಳ್ಳಗಿದೆ, ಅದಕ್ಕೇ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಒಳಗಿನವಕ್ಕೆ ಬ್ರಷ್ ಹೋಗಿಲ್ಲ, ಅದಕ್ಕೇ ಮೇಲೆ ಕೆಳಗೆ ಓಡುವ ತಲೆ ಸರಿಯಾಗಿ ನಿಲ್ಲುತ್ತದೆ. ಏಪ್ರಿಲ್‌ನಿಂದ ಎಲ್ಲ ನನ್ನ ಕಣ್ಣ ಮುಂದೇ ಇತ್ತು.

ಆಮೇಲೆ ಟ್ರಕ್ಕಿಗೆ ಬಂದು ಕೂತೆ, ನಗು ಬರಲಿಲ್ಲ. ನೀನು ಹೇಳದಿದ್ದದ್ದು ಸರಿ. ಬೆಳಿಗ್ಗೆ ಮುಖ ತೊಳೆದೆ ಅಂತ ಯಾರಾದರೂ ಕಾಗದದಲ್ಲಿ ಬರೆಯುತ್ತಾರಾ? ಆದರೆ ನಾನು ಕೇಳಬೇಕಿತ್ತು. ಪ್ರಪಂಚದ ಯಾವ ಮೆಕ್ಯಾನಿಕ್ಕಿಗೂ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು. ನಾನು ಮನೆ ಬಿಟ್ಟದ್ದೇ ಅದಕ್ಕೆ. ಮೊದಲ ಕಾರು ತಂದಾಗ ಅಪ್ಪ ಕರಿ ಬಣ್ಣದ ಡಬ್ಬಿ ತಂದು ಬಾನೆಟ್ಟಿನ ಮೇಲಿಟ್ಟು, "ಬಂಪರ್ ಬಳಿ, ಇಲ್ಲ ಅಂದ್ರೆ ಈ ಅಂಗಳದಲ್ಲಿ ನಿಲ್ಲಿಸ್ಬೇಡ" ಅಂದರು. ನಾನು ಡಬ್ಬಿ ಇಳಿಸದೆ ಹಾಗೇ ಗಾಡಿ ಓಡಿಸಿದೆ. ಅದು ಅಂಗಳದಲ್ಲಿ ಉರುಳಿ ಚೆಲ್ಲಿತು. ಹಿಂದಿರುಗಿ ನೋಡಿದೆ, ಅಪ್ಪ ಡಬ್ಬಿ ಎತ್ತುತ್ತಿದ್ದರು. ಅಷ್ಟು ದೊಡ್ಡ ಜಗಳವಾದ ಮನೆಯ ಯಂತ್ರಕ್ಕೆ ಬಣ್ಣ ಬಳಿದಿದ್ದೀರಾ ಅಂತ ನನಗೆ ಕೇಳಲು ತೋಚಲಿಲ್ಲ ನೋಡು. ಮರೆಯಬೇಕು ಅಂತ ಅಷ್ಟು ಕಷ್ಟಪಟ್ಟು ಮರೆತಿದ್ದೆ.

ಪರೀಕ್ಷೆಗೆ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಒಂದು ತುಂಡು ಹರಿದು ಎರಡೂ ತಗಡಿಗೆ ಅಂಟಿಸು. ಹೋಮ್ ಒತ್ತು. ನಿಲ್ಲುತ್ತದೆ, ನನ್ನ ಮಾತು ನಂಬು.

ಒಂದು ಮಾತು. ಭಾವನಿಗೆ ಬಣ್ಣದ ವಿಷಯ ಹೇಳಬೇಡ. ತಗಡು ಸವೆದಿತ್ತು ಅನ್ನು, ಹಳೇ ಯಂತ್ರ, ಅಂತ. ನಾನು ಇಲ್ಲಿಂದ ಎರಡು ಹೊಸ ತಗಡು ಕಳಿಸುತ್ತೇನೆ. ಈ ವರ್ಷವೆಲ್ಲ ಅವರು ತಮ್ಮ ಕೈಯಾರೆ ಮಾಡಿದ ಕೆಲಸ ಅದೊಂದೇ, ಅದೇ ಯಂತ್ರವನ್ನು ಕುರುಡು ಮಾಡಿತು ಅಂತ ಗೊತ್ತಾಗುವುದು ಬೇಡ.

ಕ್ಲೀಸನ್

*

ವಾಲನ್‌ಸ್ಟೈನ್
ಸೆಪ್ಟೆಂಬರ್ 6

ತಮ್ಮ,

ನಿಂತಿತು. ಎರಡೂ ಪಕ್ಕ ಜೊತೆಯಾಗಿ ಹೋಗಿ, ಒಂದಿಷ್ಟೂ ಸದ್ದಿಲ್ಲದೆ ನಿಂತಿತು. ನಾನು ಕೆಂಪು ಗುಂಡಿಯ ಮೇಲೆ ಕೈಯಿಟ್ಟವಳು ತೆಗೆಯುವುದನ್ನೇ ಮರೆತೆ. ಏಪ್ರಿಲ್‌ನಿಂದ ಕಟ್ಟಿಕೊಂಡಿದ್ದ ಉಸಿರು ಅಲ್ಲಿ ಬಿಟ್ಟೆ, ಆಮೇಲೆ ಒಂದು ಹಲಗೆಯ ರಾಶಿಯ ಮೇಲೆ ಕೂತು ಅತ್ತೆ. ಖುಷಿಗೋ ಸುಸ್ತಿಗೋ ನನಗೇ ತಿಳಿಯಲಿಲ್ಲ.

ತಿರುಗಿ ನೋಡಿದರೆ ಆಮ್ಸಿ ಬಾಗಿಲಲ್ಲಿ ನಿಂತಿದ್ದ. ಗುದ್ದುವ ಸದ್ದು ಬರಲಿಲ್ಲವಲ್ಲ, ಅದಕ್ಕೇ ಎದ್ದು ಬಂದಿದ್ದ.

"ಏನ್ ಮಾಡ್ದೆ?"

ನೀನು ಹೇಳಿಕೊಟ್ಟ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ತಗಡು ಸವೆದಿತ್ತು, ಅಷ್ಟೇ. ಎರಡು ಪದ. ಆದರೆ ನಮ್ಮಿಬ್ಬರ ನಡುವೆ ಇಷ್ಟು ವರ್ಷದಲ್ಲಿ ಸುಳ್ಳು ಬಂದಿಲ್ಲ, ಕ್ಲೀಸನ್, ಕಾಯಿಲೆ ಬಂತು ಅಂತ ಅದನ್ನೂ ಕರೆದು ಒಳಗೆ ಕೂರಿಸಲೇ? ಅಷ್ಟರಲ್ಲಿ ಅವನಿಗೆ ಹಾಳೆಯ ತುಂಡು ಕಂಡಿತ್ತು. ಬಗ್ಗಿ ನೋಡಿದ. ಉಗುರಿನಿಂದ ಅದರ ಅಂಚು ಎತ್ತಿ ಕೆಳಗಿನ ಕರಿ ನೋಡಿದ.

"ಬಣ್ಣಾನಾ?" ಅಂದ.

"ಬಣ್ಣ" ಅಂದೆ.

ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡ. ಯಾರದ್ದೋ ಕೈ ನೋಡುವವನ ಹಾಗೆ. ಹೊರಗೆ ಹೋಗಿ ಕೈತೋಟದ ಬೆಂಚಿನ ಮೇಲೆ ಕೂತ. ಊಟಕ್ಕೆ ಕರೆದರೆ ಬಂದ, ಉಂಡ, ಮತ್ತೆ ಅಲ್ಲಿಗೇ ಹೋಗಿ ಕೂತ. ಮರುದಿನವೂ ಹಾಗೇ. ಹಾಳೆ ಧೂಳಿಗೆ ಬಿಟ್ಟುಕೊಂಡು ಬಿತ್ತು, ನಾನು ಮತ್ತೆ ಅಂಟಿಸಲು ಹೋಗಲಿಲ್ಲ. ಬಿಷಪ್ಪರು ಬಂದು ನೋಡಿದರೆ ಆ ಹೊಳಪಿಗೆ ಏನನ್ನುತ್ತಾರೋ ಎಂಬ ಹೆದರಿಕೆಯೂ ಇದೆ. ಹೊಳೆದರೆ ಯಂತ್ರ ಹೋಗುತ್ತದೆ, ಹೊಳೆಯದಿದ್ದರೆ ಯಂತ್ರ ಓಡುವುದಿಲ್ಲ.

ನೀನು ಹೇಳಿದ ಹಾಗೆ ಸುಳ್ಳೇ ಹೇಳಬೇಕಿತ್ತೇನೋ. ಸೇಬು ಸುಲಿದು ಒಣಗಿಸುತ್ತಾ ಇದನ್ನೇ ಯೋಚಿಸುತ್ತೇನೆ. ನೀನು ಕಳಿಸಿದ ತಗಡುಗಳು ಬಂದಿವೆ. ಡಬ್ಬಿ ಒಡೆದಿಲ್ಲ, ಅವನ ಕೆಲಸದ ಬೆಂಚಿನ ಮೇಲಿಟ್ಟಿದ್ದೇನೆ.

ದಣಿದಿದ್ದೇನೆ. ಇನ್ನು ಬರೆಯಲಾರೆ.

ಅಲ್ಮೀಡಾ

*

ವಾಲನ್‌ಸ್ಟೈನ್
ಅಕ್ಟೋಬರ್ 14

ಕ್ಲೀಸನ್,

ನಾನು ಆಮ್ಸಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಓದಲು ಬಂದರೆ ಓದು, ಬರದಿದ್ದರೆ ನಿನ್ನ ಹಣೆಬರಹ. ನಿನ್ನ ಅಕ್ಕ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ. ಒಂದು ಪುಟಕ್ಕೆ ನನಗೆ ನಾಲ್ಕಾರು ಬೆಳಗು ಬೇಕಾಯಿತು. ಮಾತು ಕಡಿಮೆ ಇರುತ್ತದೆ, ಸಹಿಸಿಕೋ.

ನೀನು ಕಳಿಸಿದ ತಗಡು ಹಾಕಲಿಲ್ಲ. ಚೆನ್ನಾಗಿವೆ, ಇಟ್ಟುಕೊಂಡಿದ್ದೇನೆ. ಬಳಿದವನು ನಾನು, ಕೆರೆಯಬೇಕಾದವನೂ ನಾನೇ. ಉಳಿಯ ಹಿಂಭಾಗದಿಂದ ಕೆರೆದೆ. ಮೊದಲು ಕೈ ಎಲ್ಲೆಲ್ಲೋ ಹೋಯಿತು. ಆಮೇಲೆ ಮೊಣಕೈಯನ್ನು ಹಳಿಗೆ ಒತ್ತಿ ಹಿಡಿದೆ, ಆಗ ಸ್ವಲ್ಪ ಮಾತು ಕೇಳಿತು. ಎಡಕ್ಕೊಂದು, ಬಲಕ್ಕೊಂದು, ಹೆಬ್ಬೆರಳಗಲ. ಅಷ್ಟೇ ಸಾಕು ಅದಕ್ಕೆ. ಸುತ್ತಲೂ ಕರಿ ಹಾಗೇ ಇದೆ. ನಾನು ಅಷ್ಟೊಂದು ಕೆಟ್ಟದಾಗಿ ಬಳಿದಿರಲಿಲ್ಲ, ಕೆರೆಯುವಾಗ ಗೊತ್ತಾಯಿತು. ಬರುತ್ತಲೇ ಇರಲಿಲ್ಲ.

ಸಭೆಗೆ ಮುಂಚೆ ಯುರಾಯಸ್ ಅವರನ್ನು ನಾನೇ ಕರೆದೆ. ಯಾರೋ ಹೋಗಿ ಹೇಳುವುದಕ್ಕಿಂತ ನಾನೇ ತೋರಿಸುವುದು ಮೇಲು. ಅವರು ಹ್ಯಾಟು ತೆಗೆದು, ಮಂಡಿಯೂರಿ, ಗಡ್ಡ ಹಳಿಗೆ ತಾಗುವಷ್ಟು ಬಗ್ಗಿ ನೋಡಿದರು. ಎದ್ದೇಳುವಾಗ ನಾನೇ ಕೈ ಕೊಟ್ಟೆ. ಇಬ್ಬರದೂ ನಡುಗಿತು.

"ಇದು ಯಾರಿಗೆ ಕಾಣೋಕೆ, ಆಮ್ಸಿ?" ಅಂದರು.

"ಅದರ ಕಣ್ಣಿಗೆ. ಇನ್ಯಾರಿಗೂ ಅಲ್ಲ" ಅಂದೆ.

"ಮನುಷ್ಯರಿಗೆ ತೋರ್ಸೋಕಲ್ಲ ಅಂದ್ಮೇಲೆ ಇದ್ರಲ್ಲಿ ಜಂಬ ಎಲ್ಲಿ ಬಂತು? ಬಿಡು" ಅಂದರು.

ಸಭೆಯಲ್ಲಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ವಸಂತಕ್ಕೆ ಮತ್ತೆ ನೋಡೋಣ ಅಂದರು. ನಮ್ಮವರ ಬಗ್ಗೆ ನಿನಗೆ ನೆನಪಿದ್ದರೆ ಇದರ ಅರ್ಥ ಗೊತ್ತಾಗುತ್ತದೆ. ವಸಂತದ ಹೊತ್ತಿಗೆ ಎಲ್ಲರಿಗೂ ಬೇರೆ ಚಿಂತೆ ಇರುತ್ತದೆ.

ನಿನ್ನೆ ಒಂದು ಬಾಗಿಲು ಕೊರೆದೆ. ಸಕ್ಕರೆ ಮೇಪಲ್ ಮರದ್ದು. ಹಲಗೆ ಅಲ್ಮೀಡಾ ಮಲಗಿಸಿದಳು, ಗುಂಡಿ ನಾನು ಒತ್ತಿದೆ. ನನ್ನ ಕೈ ನಡುಗಿತು, ಗೆರೆ ನಡುಗಲಿಲ್ಲ. ತುಂಬಾ ಹೊತ್ತು ಅದರ ಮೇಲೆ ಬೆರಳಾಡಿಸುತ್ತಾ ನಿಂತಿದ್ದೆ. ಇದು ನಾನು ಮಾಡಿದ್ದಾ ಅಂತ ಕೇಳಿದರೆ ಅಲ್ಲ. ನಾನು ಮಾಡಿದ್ದಲ್ಲವಾ ಅಂತ ಕೇಳಿದರೆ ಅದಕ್ಕೂ ಅಲ್ಲ ಅನ್ನಲಾರೆ. ನಿನ್ನ ಅಕ್ಕ ಅದನ್ನು ಒಲೆಯ ಪಕ್ಕ ಒರಗಿಸಿಟ್ಟುಕೊಂಡಿದ್ದಾಳೆ, ಗಿರಾಕಿಗೆ ಕೊಡಲು ಬಿಡುತ್ತಿಲ್ಲ.

ಈಗ ಕೆಲಸದ ಮಾತು. ಅಷ್ಟು ಸಲ ಗುದ್ದಿತಲ್ಲ, ತೊಲೆ ಒಂದು ಕೂದಲು ಓರೆಯಾಗಿದೆ. ಬಾಗಿಲ ಒಂದು ಮೂಲೆಗೆ ಚೌಕ ನೋಡುವ ಗುನ್ಯಾ ಇಟ್ಟರೆ ಸಂದಿಯಲ್ಲಿ ಸಣ್ಣಗೆ ಬೆಳಕು ಕಾಣುತ್ತದೆ. ಬೇರೆ ಯಾರಿಗೂ ಕಾಣದು, ನನಗೆ ಕಾಣುತ್ತದೆ. ನಿನಗೂ ಕಾಣುತ್ತದೆ, ನಾನೇ ಕಲಿಸಿದ್ದು. ತೊಲೆ ಎತ್ತಿ ಚೌಕಕ್ಕೆ ತರಲು ಗಟ್ಟಿ ಕೈ ಬೇಕು. ಈ ಮನೆಯಲ್ಲಿ ಈಗ ಅದು ಇಲ್ಲ, ಅಲ್ಮೀಡಾಳ ಸೊಂಟದ ಕಥೆ ನಿನಗೆ ಬರೆದಿದ್ದಾಳಂತೆ. ಹಿಮ ಬೀಳುವ ಮೊದಲು ಬಾ. ಊಟ ಮಾಡದೆ ಹೋಗುವ ಹಾಗಿಲ್ಲ.

ಅಂಗಳದಲ್ಲಿ ಒಂದು ಕರಿ ಕಲೆ ಇದೆ. ನಿನ್ನಪ್ಪ ಇರುವಷ್ಟು ದಿನ ಅದನ್ನು ತೊಳೆಸಲಿಲ್ಲ, ನಮಗೂ ತೊಳೆಯಲು ಬಿಡಲಿಲ್ಲ. ಯಾಕೆ ಅಂತ ನಾವು ಕೇಳಲಿಲ್ಲ. ಟ್ರಕ್ಕನ್ನು ಅದರ ಮೇಲೇ ನಿಲ್ಲಿಸು, ಬಂಪರ್ ಹೇಗಿದೆಯೋ ಹಾಗೆ, ಅದರ ಮುಖ ರಸ್ತೆಯ ಕಡೆಗಿರಲಿ.

ಆಮ್ಸಿ ಫ್ರೈ